ಶನಿವಾರದ ಸಹಿ

ಶ್ರದ್ಧಾಂಜಲಿಯ ಕರಿಹಲಗೆಯ ಎಡಬದಿಗೆ ಸ್ಕೇಲಿಟ್ಟು ಜೋಡಿಗೆರೆ ಎಳೆದು, ‘ಶ್ರೀ ಕೊಟ್ರಯ್ಯ, ಮುಖ್ಯೋಪಾಧ್ಯಾಯರು’ ಎಂದು ಬರೆಯುವಷ್ಟರಲ್ಲಿ ಸೌಜನ್ಯಳ ಕೈಯಲ್ಲಿ ಚಾಕ್‌ಪೀಸು ಮುರಿಯಿತು.

“ಇನ್ನೊಂದು ತಗೋರಿ ಟೀಚರ್,” ಎಂದು ವಿಜ್ಞಾನದ ಮೇಷ್ಟ್ರು ಹೊನ್ನೂರುಸ್ವಾಮಿ ಜೇಬಿನಿಂದ ತೆಗೆದುಕೊಟ್ಟರು. “ನೀವ ಬರೀಬೇಕಂತ ಅವರ ಮನೀ ಅಮ್ಮಾರು ಹೇಳಿ ಕಳಿಸ್ಯಾರ. ಹೆಡ್‌ಮಾಸ್ಟ್ರು ಮನ್ಯಾಗೂ ನಿಮ್ಮ ಅಕ್ಷರ ಹೊಗಳತಿದ್ರಂತ.”

ಹೊಗಳುತ್ತಿದ್ದರಂತೆ! ಸೌಜನ್ಯ ಹಲಗೆಯತ್ತ ತಿರುಗಿ ಉಳಿದ ಸಾಲು ಬರೆದು ಮುಗಿಸಿದಳು.

ಕಂಪ್ಲಿಯಲ್ಲಿ ಹೆಡ್‌ಮಾಸ್ಟರ ಮನೆಯ ಹಿಂದೆಯೇ ಅಕ್ಕಿಗಿರಣಿ. ಅದರ ಸದ್ದಿನ ನಡುವೆ ಭಜನೆಯವರು ಗಂಟಲು ಹರಿದುಕೊಳ್ಳುತ್ತಿದ್ದರು. ಪಡಸಾಲೆಯಲ್ಲಿ ಕೊಟ್ರಯ್ಯನವರನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟಿದ್ದರು. ಭಾನುವಾರ ಸಂಜೆ ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳಿತ್ತು.

ಶಾಮಿಯಾನದ ಅಂಚಿನಲ್ಲಿ ನಿಂತಿದ್ದ ಇಬ್ಬರು ರೈತರು ಮಾತಾಡಿಕೊಳ್ಳುತ್ತಿದ್ದರು.

“ತತ್ತಿ ಮೇಷ್ಟ್ರು ಹೋಗಿಬಿಟ್ರಲ್ಲೋ, ಪಾಪ.”

“ಲೇ, ಮೆಲ್ಲಕ. ಹೆಣದ ಮುಂದ ಆ ಹೆಸ್ರು ಬ್ಯಾಡ.”

ಅವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಊರು ಒಂದು ಹೆಸರು ಹಿಡಿದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೋಳಿಯ ತತ್ತಿ ಹೊಸಿಲು ದಾಟದ ಜಂಗಮರ ಮನೆ ಅದು. ಆ ಮನೆಯ ಯಜಮಾನನಿಗೆ ಆ ಹೆಸರು. ಅದಕ್ಕೆ ಕಾರಣಳಾದವಳು ಸೌಜನ್ಯ. ಅದು ತನ್ನೊಬ್ಬಳಿಗೇ ಗೊತ್ತು ಎಂದು ಎರಡು ವರ್ಷದಿಂದ ಅವಳು ಧೈರ್ಯವಾಗಿದ್ದಳು.

*

ಆಗ ಅವಳ ಮಗಳಿಗೆ ಉಬ್ಬಸ ಜೋರಾಗಿತ್ತು. ಹೊಸಪೇಟೆಯ ಮನೆಯಿಂದ ಕಂಪ್ಲಿ ಬಸ್ಸು ಹತ್ತಿದರೆ ಜೀವವೆಲ್ಲ ಮಗುವಿನ ಹತ್ತಿರವೇ. ಹೊಸಪೇಟೆಯ ಶಾಲೆಗೆ ನಿಯೋಜನೆ ಕೇಳಿ ಅರ್ಜಿ ಕೊಟ್ಟಳು. ಕೊಟ್ರಯ್ಯನವರು ಅದರ ಮೇಲೆ ‘ಗಣಿತಕ್ಕೆ ಬೇರೆ ಶಿಕ್ಷಕರಿಲ್ಲ, ಬಿಡುಗಡೆ ಸಾಧ್ಯವಿಲ್ಲ’ ಎಂದು ಬರೆದರು.

“ಸಾರ್, ಮಗಳಿಗೆ ಉಸಿರ ಹಿಡಿತೈತ್ರಿ,” ಎಂದು ಅವಳು ಅತ್ತಳು.

“ಗೊತ್ತೈತವ್ವಾ. ಹತ್ತನೇ ಕ್ಲಾಸಿನಾಗ ಅರವತ್ತೆರಡು ಮಕ್ಕಳದಾವ. ಅವಕ್ಕ ಲೆಕ್ಕ ಯಾರು ಹೇಳಬೇಕು?”

ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವಳ ಸಿಟ್ಟು ನೆತ್ತಿಗೇರಿತು. ಆ ಭಾನುವಾರ ಗಂಡ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಬಾಗಿಲು ಹಾಕಿಕೊಂಡು ಕುಳಿತು ಶಿಕ್ಷಣ ಇಲಾಖೆಗೆ ಹೆಸರಿಲ್ಲದ ಮೂಗರ್ಜಿ ಬರೆದಳು. ಬಿಸಿಯೂಟದ ತತ್ತಿಗಳನ್ನು ಹೆಡ್‌ಮಾಸ್ಟರು ಸ್ಕೂಟರಿನಲ್ಲಿ ಸಾಗಿಸಿ ಹೋಟೆಲಿಗೆ ಮಾರುತ್ತಾರೆ ಎಂಬ ಹಸಿ ಸುಳ್ಳು. ಶಾಲೆಯ ಗೋಡೆಗಳ ತುಂಬ ಅವಳದೇ ಅಕ್ಷರವಿದ್ದುದರಿಂದ ಎಡಗೈಯಲ್ಲಿ ಬರೆದಳು. ಒಂದು ಹಾಳೆಗೆ ಎರಡು ಗಂಟೆ ಹಿಡಿಯಿತು. ಅಂಚೆಯ ಮುದ್ರೆಯಿಂದ ಸಿಕ್ಕಿಬೀಳಬಾರದೆಂದು ಮರಿಯಮ್ಮನಹಳ್ಳಿಯವರೆಗೆ ಹೋಗಿ ಡಬ್ಬಕ್ಕೆ ಹಾಕಿ ಬಂದಳು. ಎಷ್ಟೆಂದರೂ ಲೆಕ್ಕದ ಟೀಚರು!

ಅಧಿಕಾರಿ ಬಂದರು. ಊರವರ ಎದುರು ತತ್ತಿಯ ಟ್ರೇಗಳನ್ನು ಎಣಿಸಿದರು. ಒಂದೂ ಕಡಿಮೆ ಇರಲಿಲ್ಲ, ಆದರೆ ಬೇಲಿಯಾಚೆ ನಿಂತವರು ಆಗಲೇ ನಗುತ್ತಿದ್ದರು.

“ಎಲ್ಲ ಶಿಕ್ಷಕರ ಹತ್ರ ನಾಲ್ಕು ಸಾಲು ಬರೆಸ್ರಿ. ಅಕ್ಷರ ತಾಳೆ ನೋಡೋಣ,” ಎಂದರು ಅಧಿಕಾರಿ.

ಕೊಟ್ರಯ್ಯನವರು ಮೂಗರ್ಜಿಯ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಬ್ಯಾಡ್ರಿ ಸಾರ್. ನಮ್ಮವರ ಬರವಣಿಗಿ ವಾರ ವಾರ ನೋಡ್ತೀನಿ. ಇದು ನಮ್ಮ ಸಾಲಿಯವರದ್ದಲ್ಲ,” ಎಂದು ಮಡಿಸಿ ವಾಪಸು ಕೊಟ್ಟರು.

ಬದುಕಿದೆ ಎಂದುಕೊಂಡಳು ಸೌಜನ್ಯ.

ಪ್ರತಿ ಶನಿವಾರ ಶಿಕ್ಷಕರು ಪಾಠಯೋಜನೆಯ ಪುಸ್ತಕಗಳನ್ನು ಅವರ ಮೇಜಿನ ಮೇಲಿಟ್ಟು ಹೋಗುವುದು, ಸೋಮವಾರ ಸಹಿಯೊಂದಿಗೆ ವಾಪಸು ಪಡೆಯುವುದು ರೂಢಿ. ಆ ಸೋಮವಾರ ಅವಳ ಪುಸ್ತಕದಲ್ಲಿ ಸಹಿ ಸೊಟ್ಟಗಿತ್ತು. ಮುಂದಿನ ವಾರವೂ ಹಾಗೆಯೇ. ಅವಮಾನದಿಂದ ಮನುಷ್ಯನ ಕೈಯೇ ಹೋಯಿತಲ್ಲ ಎಂದು ಅವಳಿಗೆ ಸಂಕಟವಾಯಿತು.

“ಕೈ ಡಾಕ್ಟರಿಗೆ ತೋರಿಸ್ರಿ ಸಾರ್,” ಎಂದು ಒಮ್ಮೆ ಹೇಳಿಯೂಬಿಟ್ಟಳು.

“ನನ್ನ ಕೈಗೇನೂ ಆಗಿಲ್ಲವ್ವಾ,” ಎಂದಿದ್ದರು ಅವರು.

*

“ಇಲ್ಲಿ ನೋಡ್ರಿ ಟೀಚರ್.” ಹೊನ್ನೂರುಸ್ವಾಮಿ ಚೀಲದಿಂದ ತಮ್ಮ ಪಾಠಯೋಜನೆಯ ಪುಸ್ತಕ ತೆಗೆದರು. ಮುಂಜಾನೆ ಶಾಲೆಯಲ್ಲಿ ಮೌನ ಆಚರಿಸಿ, ಹೆಡ್‌ಮಾಸ್ಟರ ಮೇಜಿನಿಂದ ಅದನ್ನೆತ್ತಿಕೊಂಡು ನೇರವಾಗಿ ಇಲ್ಲಿಗೇ ಬಂದಿದ್ದರು. “ಮೊನ್ನೆ ಶನಿವಾರದ್ದು. ಅವರು ಹಾಕಿದ ಕಡೀ ಸಹಿ.”

ಮುತ್ತು ಪೋಣಿಸಿದಂಥ ಸಹಿ. ಒಂದು ಎಳೆಯೂ ಅಲುಗಿರಲಿಲ್ಲ.

“ಅವರ ಕೈ ನಡುಗತಿತ್ತಲ್ರೀ?”

“ಯಾರ ಕೈ? ಹೆಡ್‌ಮಾಸ್ಟ್ರದಾ? ಏನ್ ಮಾತಂತ ಆಡ್ತೀರಿ!” ಅವರು ಪರಪರನೆ ಹಾಳೆ ತಿರುವಿದರು. ಎರಡು ವರ್ಷದ ಸಹಿಗಳೂ ನೆಟ್ಟಗಿದ್ದವು.

ಸೌಜನ್ಯ ಹಲಗೆಯತ್ತ ನೋಡಿದಳು. ಎಡಬದಿಯಲ್ಲಿ ಜೋಡಿಗೆರೆ. ಬರೆಯುವ ಮೊದಲು ಅದನ್ನು ಎಳೆಯದೆ ಅವಳಿಗೆ ಕೈಯೇ ಓಡುವುದಿಲ್ಲ. ಪಾಠಯೋಜನೆಯ ಪ್ರತಿ ಪುಟದಲ್ಲೂ ಅದಿದೆ. ಮೂಗರ್ಜಿಯ ಹಾಳೆಗೂ ಎಳೆದಿದ್ದಳು, ಸ್ಕೇಲು ಹಿಡಿದು, ಬಲಗೈಯಿಂದ. ಆಮೇಲಷ್ಟೇ ಪೆನ್ನನ್ನು ಎಡಗೈಗೆ ಬದಲಿಸಿದ್ದಳು. ಅಂದು ಕೊಟ್ರಯ್ಯನವರು ಬಹಳ ಹೊತ್ತು ನೋಡಿದ್ದು ಆ ಗೆರೆಗಳನ್ನೇ.

ಎರಡು ವರ್ಷ, ವಾರ ವಾರ, ಅವರು ಅವಳೊಬ್ಬಳ ಪುಸ್ತಕಕ್ಕೆ ಎಡಗೈಯಲ್ಲಿ ಸಹಿ ಹಾಕಿದ್ದರು.

“ಟೀಚರ್, ಬರ್ರಿ, ಪತ್ರಿ ಏರಸ್ರಿ. ಎತ್ತೋ ಹೊತ್ತಾತು.” ಕೊಟ್ರಯ್ಯನವರ ಹೆಂಡತಿ ಜಂಬಮ್ಮ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು. “ನಿಮ್ಮ ಮ್ಯಾಲೆ ಅವರಿಗೆ ಭಾಳ ಭರವಸಿ ಇತ್ತವ್ವಾ. ‘ಒಂದಿನ ಆಕೀನ ಬಂದು ಹೇಳ್ತಾಳ’ ಅಂತಿದ್ರು. ಏನಂತ ಕೇಳಿದ್ರ ಸುಮ್ಮನಾಗತಿದ್ರು. ಏನ್ ಹೇಳೋದಿತ್ತು?”

ಜಂಬಮ್ಮನ ಕಣ್ಣು ಸೌಜನ್ಯಳ ಮುಖದ ಮೇಲೇ ಇತ್ತು. ಯಾರೋ ಅವಳ ಬಲಗೈಗೆ ಬಿಲ್ವಪತ್ರೆ ಕೊಟ್ಟು ಮುಂದೆ ತಳ್ಳಿದರು.

ಅವಳು ಕುರ್ಚಿಯ ಮುಂದೆ ಮೊಣಕಾಲೂರಿದಳು. ಪತ್ರೆಯನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡಳು.

“ಏ ತಂಗೀ, ಎಡಗೈಲೆ ಏರಸಬಾರದು!” ಮೂಲೆಯಿಂದ ಮುದುಕಿಯೊಬ್ಬಳು ಗದರಿದಳು. “ಸಾಲಿ ಕಲಿಸೋರು, ಇಷ್ಟೂ ಗೊತ್ತಾಗಲ್ಲೇನು?”

ಭಜನೆ ನಿಂತಿತು. ಎಲ್ಲರೂ ನೋಡುತ್ತಿದ್ದರು. ಚಾಕ್‌ಪೀಸಿನ ಪುಡಿ ಹತ್ತಿದ್ದ ಬಲಗೈಯನ್ನು ಸೌಜನ್ಯ ಬೆನ್ನ ಹಿಂದೆ ಇಟ್ಟುಕೊಂಡಳು. ಎಡಗೈ ಚಾಚಿ, ಕೊಟ್ರಯ್ಯನವರ ಎಡ ಅಂಗೈಯಲ್ಲಿ, ಲಿಂಗದ ಪಕ್ಕಕ್ಕೆ, ಪತ್ರೆಯನ್ನು ಸೊಟ್ಟಗೆ ಇಟ್ಟಳು.