ಬಲಿಯದ ಬೀಜಕಣ

"ಒಂದೇ ಒಂದು ಟ್ಯೂಬು ಕೊಡಿ ಅತ್ತಿಗೆ," ಎನ್ನುತ್ತ ಮೈದುನ ಐಸ್ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು ಕೂತ. "ಫ್ಯಾಕ್ಟರೀಲಿರೋ ಬ್ಯಾಕ್ಟೀರಿಯಾಕ್ಕೆ ಬೇರೇನೋ ಸೇರ್ಕೊಂಡು ಕೆಟ್ಟುಹೋಗಿದೆ. ಅಣ್ಣನ ಹೆಸರು ಉಳೀಬೇಕಲ್ಲ."

ಅಣ್ಣನ ಹೆಸರು! ಗಂಡ ಸತ್ತ ತಿಂಗಳೊಳಗೆ ಕಾರ್ಖಾನೆಯ ಬೀಗ ಬದಲಾಯಿಸಿ, ಒಳಗಿದ್ದ ಅವಳ ಚಪ್ಪಲಿಯನ್ನು ಕಾವಲುಗಾರನ ಕೈಲಿ ಹೊರಗೆ ಕಳಿಸಿದವನು ಇವನೇ. ಶೌಚಗುಂಡಿಯ ನಾತ ಕಳೆಯುವ ಆ ಬ್ಯಾಕ್ಟೀರಿಯಾದ ಪುಡಿಯನ್ನು ಗಂಡಹೆಂಡಿರು ಮೊದಲು ಮಾಡಿದ್ದು ಈ ಮನೆಯ ಅಡುಗೆಕಟ್ಟೆಯ ಮೇಲೆ. ಹೆತ್ತ ಮಗನ ಕಡೆ ಹೋಗದೆ ಅತ್ತೆಯೂ ಅವಳ ಜೊತೆಗೇ ಉಳಿದಿದ್ದರು.

ಫ್ರಿಜ್ಜಿನಲ್ಲಿ ಅದರ ಎರಡು ತಳಿಗಳಿದ್ದವು. ಒಂದು ಮೂಲದ್ದು. ಇನ್ನೊಂದರಿಂದ, ಒಣಗಿದರೂ ಸಾಯದಂತೆ ಬ್ಯಾಕ್ಟೀರಿಯಾ ಕಟ್ಟಿಕೊಳ್ಳುವ ಗಟ್ಟಿ ಬೀಜಕಣವನ್ನು ಬಲಿಯಿಸುವ ಜೀನನ್ನು ಅವಳೇ ಹಿಂದೊಮ್ಮೆ ಕತ್ತರಿಸಿ ತೆಗೆದಿದ್ದಳು, ಅದರ ಕೆಲಸವೇನೆಂದು ತಿಳಿಯಲು. ಸೂಕ್ಷ್ಮದರ್ಶಕದಲ್ಲಿ ಎರಡೂ ಅವಳಿಜವಳಿ. ಆದರೆ ಆ ಜೀನಿಲ್ಲದ ಕಣದ ಒಡಲಲ್ಲಿ ನೀರು ಉಳಿದುಬಿಡುತ್ತದೆ. ಪುಡಿ ಒಣಗಿಸುವ ಬಿಸಿಗಾಳಿ ತಾಗಿದರೆ ಸತ್ತೇ ಹೋಗುತ್ತದೆ.

ಇಲ್ಲವೆಂದರೆ ಇನ್ನೆಲ್ಲಿಂದಲೋ ತರುತ್ತಾನೆ. ಅವಳ ಕೈ ಎರಡನೆಯದಕ್ಕೆ ಹೋಯಿತು.

"ತಗೋ. ಚೆನ್ನಾಗಿ ಬೆಳೆಸು."

"ದೊಡ್ಡ ಮನಸ್ಸು ನಿಮ್ದು."

ಬಹಳ ದಿನಗಳ ಮೇಲೆ ಅವಳಿಗೆ ಅಂದು ಊಟ ರುಚಿಸಿತು.

ಕೆಲವೇ ತಿಂಗಳಲ್ಲಿ ಪುಡಿ ಮೂಟೆಗಟ್ಟಲೆ ವಾಪಸು ಬಂತು. ಹೋಟೆಲಿನವರು, ವಠಾರದವರು ಬಾಯಿಗೆ ಬಂದಂತೆ ಬೈದರು. ಮೈದುನ ಮತ್ತೆ ಅದೇ ಮೇಜಿನೆದುರು ಬಂದು ಕೂತಾಗ ಕೆನ್ನೆಗಳು ಇಳಿದುಹೋಗಿದ್ದವು.

"ಬಾಗಿಲು ಹಾಕಿಬಿಟ್ಟೆ. ಅಣ್ಣ ಇದ್ದಿದ್ರೆ ಹೀಗಾಗ್ತಿತ್ತಾ ಅತ್ತಿಗೆ?"

"ಅಣ್ಣ ಇದ್ದಿದ್ರೆ ನೀನು ಬೀಗ ಬದಲಾಯಿಸ್ತಿರಲಿಲ್ಲ."

ಅವನು ನಿಧಾನವಾಗಿ ತಲೆಯೆತ್ತಿದ. "ನೀವು ಕೊಟ್ಟಿದ್ದು ಅದಲ್ಲ, ಅಲ್ವಾ?"

"ನಿನಗೆ ತಕ್ಕದ್ದನ್ನೇ ಕೊಟ್ಟೆ."

ಬೈಯುತ್ತಾನೆಂದುಕೊಂಡಿದ್ದಳು, ಬೈದರೆ ಆಡಲು ಮಾತುಗಳನ್ನೂ ಕೂಡಿಟ್ಟುಕೊಂಡಿದ್ದಳು. ಅವನು ಎದ್ದು, ಕೋಣೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆಗೂ ನೋಡದೆ ಮೆಟ್ಟಿಲಿಳಿದು ಹೋದ.

"ಏನಂತೆ?" ಎಂದರು ಅತ್ತೆ.

"ಫ್ಯಾಕ್ಟರಿ ಮುಚ್ಚಿದನಂತೆ."

"ಒಳ್ಳೇದಾಯ್ತು ಬಿಡು. ಉಂಡ ಮನೆ ಜಂತೆ ಎಣಿಸಿದವನು."

ಹಾಗೆಂದವರು ಒಳಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ಮೇಜಿನ ಬಳಿ ಬಂದು, ಮಗ ಕೂತೆದ್ದ ಕುರ್ಚಿಯ ಮೇಲೆ, ಅದಿನ್ನೂ ಬೆಚ್ಚಗಿರುವಾಗಲೇ, ಅಂಗೈ ಊರಿ ಬಹಳ ಹೊತ್ತು ನಿಂತರು.