ಎಣ್ಣೆ ಹಚ್ಚಿದ ಬೋಲ್ಟು

ದೊಡ್ಡನೆಕ್ಕುಂದಿಯ ಕಟ್ಟಡ ಕೆಲಸದವರು ಬುನಾದಿಗೆ ಬೋಲ್ಟು ಕೂರಿಸುವ ದಿನ ಪೀರಪ್ಪ ಮೇಸ್ತ್ರಿಯ ಹೆಸರೆತ್ತದೆ ಇರುವುದಿಲ್ಲ. ಅವನು ಕೂರಿಸಿದ ಬೋಲ್ಟು ಕೂದಲೆಳೆಯಷ್ಟೂ ಓರೆಯಾಗುತ್ತಿರಲಿಲ್ಲ ಎಂದು ಮೊದಲು ಹೇಳುತ್ತಾರೆ. ಅವನು ನಡುಗಿದ ಕತೆ ಬರುವುದು ಆಮೇಲೆ.

ಯಾದಗಿರಿ ಕಡೆಯಿಂದ ಬಂದ ಪೀರಪ್ಪನಿಗೆ ಆ ವರ್ಷ ಒಂದು ಕಾರ್ಖಾನೆಯ ಕ್ರೇನು ಕಂಬಗಳ ಬುನಾದಿ ಕೆಲಸ ಸಿಕ್ಕಿತ್ತು. ಕಂಬವೊಂದಕ್ಕೆ ನಾಲ್ಕು ಬೋಲ್ಟು, ಪ್ರತಿ ಬೋಲ್ಟಿನ ತಳಕ್ಕೂ ಅಂಗೈಯಗಲದ ಕಬ್ಬಿಣದ ತಟ್ಟೆ. ಕಾಂಕ್ರೀಟು ಸುರಿಯುವ ಮೊದಲೇ ಅವನ್ನು ಹಲಗೆಯ ಅಚ್ಚಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಮೇಲೆ ನಟ್ಟು ತಿರುಗುವ ಮರೆಗೆ ಮಾತ್ರ ಗ್ರೀಸು. ಹೂತುಹೋಗುವ ಮೈಗೆ ಎಣ್ಣೆಯ ಹನಿಯೂ ತಾಗಬಾರದು. ತಾಗಿದರೆ ಕಾಂಕ್ರೀಟು ಕಬ್ಬಿಣವನ್ನು ಹಿಡಿಯದು, ಬೋಲ್ಟು ಜಾರಿ ಬರುತ್ತದೆ ಎಂದು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಆಯುಧಪೂಜೆಯ ಮರುದಿನ ಕಾಂಕ್ರೀಟು ಬಿತ್ತು. ಹತ್ತು ದಿನ ಕಳೆದ ಮೇಲೆ, ಮಧ್ಯಾಹ್ನದ ಊಟಕ್ಕೆ ಕೂತಾಗ, ಅಲ್ಲೇ ಕೂಲಿ ಮಾಡುತ್ತಿದ್ದ ಅವನ ಹೆಂಡತಿ ಸಾಬಮ್ಮ ಸಂಭ್ರಮದಿಂದ ಹೇಳಿದಳು: "ಈ ಸಲ ಪೂಜಿ ಭಾರಿ ಆತು. ಕರಣಿ, ಸಲಿಕಿ ಅಷ್ಟ ಅಲ್ಲ, ಬೋಲ್ಟಿಗೂ ಮೈತುಂಬ ಎಣ್ಣಿ ಹಚ್ಚೀನಿ."

ಪೀರಪ್ಪನ ಕೈಯ ತುತ್ತು ಕೈಯಲ್ಲೇ ನಿಂತಿತು. "ಎಷ್ಟಕ್ಕ ಹಚ್ಚಿದಿ?"

"ಎಲ್ಲಾದಕ್ಕೂ. ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಅದಕ್ಕ ಬ್ಯಾಸರಾಗಂಗಿಲ್ಲೇನು?"

ಹೇಳಿದರೆ ಬುನಾದಿಗಳನ್ನೆಲ್ಲ ಒಡೆಯಬೇಕು, ಇಬ್ಬರೂ ಕೆಲಸ ಬಿಟ್ಟು ಹೊರಡಬೇಕು. ಹೇಳದಿದ್ದರೆ ಆ ಕ್ರೇನಿನ ಕೆಳಗೆ ದಿನವೂ ಜನ ಓಡಾಡುತ್ತಾರೆ. ಅವನು ಊಟ ಬಿಟ್ಟೆದ್ದ.

ನಕ್ಷೆ ಬರೆದ ಇಂಜಿನಿಯರು ಯಮುನಾ, ಕಮ್ಮನಹಳ್ಳಿಯವಳು, ಅಂದು ಅಲ್ಲಿಯೇ ಇದ್ದಳು. ಪೀರಪ್ಪ ತಲೆತಗ್ಗಿಸಿ ಎಲ್ಲವನ್ನೂ ಹೇಳಿದ. "ಒಡಿಯೂದಾದ್ರ ನಾನ ಒಡೀತೀನ್ರಿ. ಆಕಿಗಿ ಮಾತ್ರ ಏನೂ ಅನಬ್ಯಾಡ್ರಿ."

ಅವಳು ನಕ್ಷೆ ಬಿಡಿಸಿ ನೋಡಿದಳು. "ಪರೀಕ್ಷೆಗೆ ಅಂತ ಅದೇ ದಿನ ಒಂದು ಕಾಂಕ್ರೀಟು ದಿಮ್ಮಿ ಹಾಕಿದ್ವಲ್ಲ, ಅದ್ರ ಬೋಲ್ಟಿಗೂ ಪೂಜೆ ಆಗಿತ್ತಾ?"

"ಎಲ್ಲಾ ಒಂದ ಕಡಿ ಇದ್ವುರಿ."

"ಹಾಗಾದ್ರೆ ನಾಳೆ ಅದನ್ನೇ ಎಳೆದು ನೋಡೋಣ. ಆಮೇಲೆ ಒಡೆಯೋ ಮಾತು."

ದಿಮ್ಮಿ ನಾಲ್ಕಡಿ ಚೌಕದ್ದು. ಅದರಲ್ಲಿದ್ದದ್ದು ಗೇಣುದ್ದ ಹೂತ ಒಂದೇ ಬೋಲ್ಟು. ಜಾಕಿ ನಡೆಸುವ ಮೊಹ್ಸಿನ್ ಬೆಳಿಗ್ಗೆ ಅದರ ಅಂಚುಗಳಿಗೆ ಕಬ್ಬಿಣದ ಕಾಲುಗಳನ್ನು ಊರಿ, ನಡುವಿನ ಬೋಲ್ಟಿಗೆ ಜಾಕಿ ಸಿಕ್ಕಿಸಿದ. "ಪೀರಪ್ಪಣ್ಣ, ಎಣ್ಣೆ ಆಯ್ತು, ಒಗ್ಗರಣೆ ಯಾವಾಗ?" ಎಂದ. ಯಾರೂ ನಗಲಿಲ್ಲ. ಸಾಬಮ್ಮ ಸೆರಗಿನ ತುದಿ ಕಚ್ಚಿಕೊಂಡು ದೂರ ನಿಂತಿದ್ದಳು.

ಐದು ಟನ್. ಹತ್ತು. ಬೋಲ್ಟು ತಡೆಯಬೇಕೆಂದು ಯಮುನಾಳ ಕಾಗದದಲ್ಲಿದ್ದದ್ದು ಹದಿನೈದು. ಜಾಕಿಯ ಮಾಪಕದ ಮುಳ್ಳು ಅದನ್ನೂ ದಾಟಿತು. ಬೋಲ್ಟು ಜಾರಲಿಲ್ಲ. ಇಪ್ಪತ್ತೆರಡರಲ್ಲಿ ದಿಮ್ಮಿಯ ಒಳಗೆಲ್ಲೋ ಗುಡುಗಿನಂಥ ಸದ್ದಾಯಿತು. ಮೇಲ್ಮೈಯಲ್ಲಿ ದುಂಡಗೆ ಒಂದು ಬಿರುಕು ಹರಿಯಿತು.

ಜಾಕಿ ಮೇಲೆತ್ತಿದಾಗ ಬೋಲ್ಟಿನೊಂದಿಗೆ ಕಾಂಕ್ರೀಟಿನ ದೊಡ್ಡ ಆಲಿಕೆಯೇ ಎದ್ದು ಬಂತು. ತುದಿಯಲ್ಲಿ ಅಂಗೈಯಗಲದ ತಟ್ಟೆ, ಅಲ್ಲಿಂದ ಹರಡುತ್ತ ಹರಡುತ್ತ ಮೇಲೆ ಎರಡಡಿಗೂ ಮೀರಿದ ಅಗಲ. ಪೀರಪ್ಪ ಮಂಡಿಯೂರಿ ಅದರ ಮೈ ಸವರಿದ. ಜಲ್ಲಿಕಲ್ಲುಗಳು ಕಿತ್ತು ಬಂದಿರಲಿಲ್ಲ. ನಡುಮಧ್ಯಕ್ಕೆ ಸೀಳಿಹೋಗಿದ್ದವು, ಒಡಲು ಹೊಸದಾಗಿ ಹೊಳೆಯುತ್ತಿತ್ತು. ಇಪ್ಪತ್ತು ವರ್ಷ ಅವನು ಬೋಲ್ಟು ನೆಟ್ಟಿದ್ದ. ಕಾಂಕ್ರೀಟು ಒಳಗೆ ಏನು ಮಾಡುತ್ತದೆಂದು ಈವರೆಗೆ ಕಂಡಿರಲಿಲ್ಲ.

"ಕಾಂಕ್ರೀಟು ಬೋಲ್ಟಿನ ಮೈ ಹಿಡಿದುಕೊಳ್ಳುತ್ತೆ ಅಂತ ನಾನು ಲೆಕ್ಕದಲ್ಲಿ ಒಂದು ಕೆಜಿನೂ ಬರೆದಿಲ್ಲ, ಪೀರಪ್ಪನವ್ರೇ" ಎಂದಳು ಯಮುನಾ. "ಆ ತಟ್ಟೆ ಮೇಲೆ ಬರ್ಬೇಕಂದ್ರೆ ಇಷ್ಟು ಕಲ್ಲನ್ನ ಹೊತ್ಕೊಂಡೇ ಬರ್ಬೇಕು. ತಟ್ಟೆ ಇಲ್ಲದೆ ಬರೀ ತುದಿ ಕೊಕ್ಕೆ ಬಗ್ಗಿಸಿದ ಬೋಲ್ಟಾಗಿದ್ರೆ ಈವತ್ತು ಒಡೀಲೇಬೇಕಿತ್ತು. ಬುನಾದಿಯ ಬೋಲ್ಟುಗಳನ್ನೂ ಒಂದೊಂದಾಗಿ ಎಳೆದು ನೋಡೋಣ, ಒಡೆಯೋಷ್ಟಲ್ಲ."

ಸಂಜೆಯವರೆಗೆ ಎಳೆದರು. ಒಂದೂ ಕದಲಲಿಲ್ಲ. ಒಡೆಯುವ ಮಾತು ಅಲ್ಲಿಗೇ ಬಿತ್ತು.

"ನೆಲದಾಗ ಇರೂದೂ ಇಷ್ಟ ದೊಡ್ಡದೇನ್ರಿ?" ಎಂದು ಪೀರಪ್ಪ ಎದ್ದು ಬಂದ ಆಲಿಕೆಯನ್ನು ತೋರಿಸಿ ಮೆಲ್ಲಗೆ ಕೇಳಿದ.

"ಅಲ್ಲಿ ಬೋಲ್ಟು ಮೂರಡಿ ಆಳ. ನಾಲ್ಕೂ ಸೇರಿದ್ರೆ ಈ ಶೆಡ್ಡಿನ ಬಾಗಿಲಲ್ಲಿ ಹಿಡಿಸಲ್ಲ."

ಕೆಲಸ ಬಿಟ್ಟಾಗ ಎಲ್ಲರೂ ಎಂದಿನಂತೆ ಬುನಾದಿಗಳ ಮೇಲೆ ಹಾಯ್ದು ಗೇಟಿನತ್ತ ನಡೆದರು. ಪೀರಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಒಂದೊಂದನ್ನೂ ತುಳಿಯದೆ ಬಳಸಿಕೊಂಡು ಹೋದ. ಸಾಬಮ್ಮ ಅವನ ಹಿಂದೆ ಅದೇ ದಾರಿ ಹಿಡಿದಳು.