ಡಾಕ್ಟರ್ ಶಾಝಿಯಾ ಕೊಟ್ಟ ಆರು ಹೆಸರು

ಶಾಝಿಯಾ ಕ್ರೀಡಾ ವೈದ್ಯಶಾಸ್ತ್ರ ಓದಿ ಮಂಗಳೂರಿಗೆ ಮರಳಿದಾಗ, ತೊಕ್ಕೊಟ್ಟಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಅವಳ ತಂದೆಗೆ ಅದು ಯಾವ ಬಗೆಯ ಡಾಕ್ಟರಿಕೆ ಎಂದು ತಿಳಿಯಲಿಲ್ಲ. "ಕಾಯಿಲೆ ಇದ್ದವರು ಓಡುದಿಲ್ಲ, ಓಡುವವರಿಗೆ ಕಾಯಿಲೆ ಇಲ್ಲ. ನಿನ್ನ ಹತ್ತಿರ ಯಾರು ಬರ್ತಾರೆ?" ಎಂದು ಕೇಳಿದ್ದರು.

ಬಂದವರು ನಗರದ ಖಾಸಗಿ ಕಾಲೇಜೊಂದರ ಇಪ್ಪತ್ತೆರಡು ಓಟಗಾರ್ತಿಯರು. ಅವರೂ ತಾವಾಗಿ ಬಂದದ್ದಲ್ಲ. ಶಾಝಿಯಾ ತನ್ನ ಅಧ್ಯಯನಕ್ಕೆ ಅವರನ್ನು ಕರೆಸಿದ್ದಳು. ಓಟಕ್ಕೆ ತಕ್ಕಷ್ಟು ಉಣ್ಣದಿದ್ದರೆ ಹೆಣ್ಣಿನ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆ ಸವೆಯತೊಡಗುತ್ತದೆ. ಹೊರದೇಶಗಳಲ್ಲಿ ಇದರ ಮೇಲೆ ಬಹಳ ಸಂಶೋಧನೆ ನಡೆದಿತ್ತು. ತನ್ನೂರಿನ ಹುಡುಗಿಯರ ಪಾಡೇನೆಂದು ತಿಳಿಯುವ ಆಸೆ ಅವಳಿಗೆ. ಪ್ರಶ್ನೆಪತ್ರಿಕೆಯ ಮೇಲೆಯೇ ಅಚ್ಚಾಗಿತ್ತು: ನಿಮ್ಮ ಹೆಸರು ಯಾರಿಗೂ ತಿಳಿಯುವುದಿಲ್ಲ.

ಮೋಕ್ಷಾ ಅದನ್ನು ನಂಬಿದಳು. ಹತ್ತೊಂಬತ್ತು ವರ್ಷದ ಹುಡುಗಿ, ಐದು ಸಾವಿರ ಮೀಟರಿನಲ್ಲಿ ಕಾಲೇಜಿಗೇ ಮೊದಲಿಗಳು. ಅವಳ ತಾಯಿ ಹೇಮಾಕ್ಷಿ ಶಕ್ತಿನಗರದ ಕ್ಯಾಟರಿಂಗ್‌ ಒಂದರಲ್ಲಿ ದಿನಕ್ಕೆ ಮುನ್ನೂರು ನೀರುದೋಸೆ ಹೊಯ್ಯುತ್ತಿದ್ದಳು. ಹಾಸ್ಟೆಲಿನಿಂದ ಮನೆಗೆ ಬಂದಾಗ ಮಗಳು ಬೆಳಿಗ್ಗೆ ಒಂದು ದೋಸೆ ತಿಂದರೆ ಹೆಚ್ಚು.

"ಪಿರಿಯಡ್ಸ್ ಆಗದೆ ಏಳು ತಿಂಗಳಾಯ್ತು ಮೇಡಂ," ಎಂದಳು ಮೋಕ್ಷಾ. "ಸರ್‌ಗೆ ಗೊತ್ತುಂಟು. ಈಗ ನೀನು ಸರಿಯಾದ ಅಥ್ಲೀಟ್ ಆದೆ ಅಂದ್ರು."

ಸರ್ ಎಂದರೆ ಕೋಚ್ ಮುಖೇಶ್. ಪ್ರತಿ ಸೋಮವಾರ ಅವನು ಹುಡುಗಿಯರನ್ನು ಒಬ್ಬೊಬ್ಬರಾಗಿ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ತೂಕ ಏರಿದವಳು ಆ ದಿನ ಹಾಸ್ಟೆಲಿನಲ್ಲಿ ಉಳಿದವರಿಗೆ ಬಡಿಸಬೇಕು, ತಾನು ಊಟಕ್ಕೆ ಕೂರುವಂತಿಲ್ಲ. ಮೋಕ್ಷಾ ಇದನ್ನು ದೂರಿನಂತೆ ಹೇಳಲಿಲ್ಲ. ಅದು ಅಲ್ಲಿನ ಪದ್ಧತಿ, ಅಷ್ಟೆ.

ತೊಡೆಸಂದಿನಲ್ಲಿ ನೋವುಂಟು ಎಂದದ್ದಕ್ಕೆ ಶಾಝಿಯಾ ಎಂಆರ್‌ಐ ಮಾಡಿಸಿದಳು. ತೊಡೆಮೂಳೆ ಸೊಂಟಕ್ಕೆ ಸೇರುವ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು.

"ಎಂಟು ವಾರ ಓಡುವ ಹಾಗಿಲ್ಲ. ಓಡಿದರೆ ಮೂಳೆ ಮುರೀತದೆ."

"ಮುಂದಿನ ತಿಂಗಳು ಮೀಟ್ ಉಂಟು. ಯಾರಿಗೂ ಹೇಳ್ಬೇಡಿ ಮೇಡಂ. ಸ್ಪೋರ್ಟ್ಸ್ ಸೀಟು ಹೋದ್ರೆ ಹಾಸ್ಟೆಲೂ ಇಲ್ಲ, ಕಾಲೇಜೂ ಇಲ್ಲ."

ಎರಡು ದಿನ ಬಿಟ್ಟು ಶಾಝಿಯಾ ಮಂಗಳಾ ಕ್ರೀಡಾಂಗಣಕ್ಕೆ ಹೋದಾಗ ಮೋಕ್ಷಾ ಓಡುತ್ತಲೇ ಇದ್ದಳು. ಬಲಗಾಲು ಊರುವಾಗಲೆಲ್ಲ ಅವಳ ದವಡೆ ಬಿಗಿಯುತ್ತಿತ್ತು. ಶಾಝಿಯಾ ನೇರ ಮುಖೇಶನ ಕೋಣೆಗೆ ನಡೆದಳು.

ಅವನು ಚಾ ತರಿಸಿದ, ಎಲ್ಲವನ್ನೂ ಗಮನವಿಟ್ಟು ಕೇಳಿದ. "ನಮಗೆ ಈ ಸೈನ್ಸ್ ಎಲ್ಲ ಯಾರು ಹೇಳಿಕೊಡ್ತಾರೆ ಮೇಡಂ? ಒಳ್ಳೇದಾಯ್ತು ನೀವು ಬಂದದ್ದು. ಇದೇ ರೀತಿ ಬೇರೆಯವರೂ ಇದ್ದಾರಾ? ಬರೆದು ಕೊಟ್ರೆ ಅವರ ಪ್ರಾಕ್ಟೀಸ್ ಕಮ್ಮಿ ಮಾಡ್ತೇನೆ."

ಶಾಝಿಯಾ ಚಾ ಲೋಟವನ್ನು ಕೆಳಗಿಟ್ಟಳು. ಆಮೇಲೆ ತನ್ನ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಮೋಕ್ಷಾಳದೂ ಸೇರಿ ಆರು ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಕಾರಣ ನಮೂದಿಸಿ, ಸಹಿ ಮಾಡಿ ಕೊಟ್ಟಳು. ಮನೆಗೆ ಮರಳುವಾಗ ಅವಳ ಮನಸ್ಸು ಹಗುರಾಗಿತ್ತು.

ನಾಲ್ಕನೆಯ ದಿನ ಆ ಆರೂ ಹುಡುಗಿಯರ ಕ್ರೀಡಾ ಸೀಟು ರದ್ದಾಯಿತು. ವೈದ್ಯಕೀಯವಾಗಿ ಅನರ್ಹರು ಎಂದು ಕಾಲೇಜಿನ ಗೋಡೆಯ ಮೇಲೆ ನೋಟಿಸು. ಅದರ ಪಕ್ಕದಲ್ಲಿ ಶಾಝಿಯಾಳ ಪತ್ರದ ಪ್ರತಿಯನ್ನೂ ಅಂಟಿಸಿದ್ದರು. ಯಾರಿಗೆ ಎಷ್ಟು ತಿಂಗಳಿಂದ ಮುಟ್ಟು ನಿಂತಿದೆ ಎಂಬುದನ್ನು ಮಧ್ಯಾಹ್ನದೊಳಗೆ ಇಡೀ ಕಾಲೇಜು ಓದಿತ್ತು. ಹುಡುಗರು ಫೋಟೊ ಹೊಡೆದುಕೊಂಡಿದ್ದರು.

ಹೇಮಾಕ್ಷಿ ಕೆಲಸದ ಸೀರೆಯಲ್ಲೇ ಶಾಝಿಯಾಳ ಆಸ್ಪತ್ರೆಗೆ ಬಂದಳು. ಕೂರಿ ಎಂದರೂ ಕೂರಲಿಲ್ಲ.

"ತಾಯಿಗೆ ಹೇಳದ್ದನ್ನು ನಿಮ್ಮ ಹತ್ರ ಹೇಳಿದ್ಳು ಮೇಡಂ. ನೀವು ಗೋಡೆಗೆ ಹೇಳಿದ್ರಿ."

ಶಾಝಿಯಾ ಮುಖೇಶನಲ್ಲಿಗೆ ಓಡಿದಳು. ಅವನಿಗೆ ಸಿಟ್ಟೇನೂ ಇರಲಿಲ್ಲ. "ಓಡಬಾರದು ಅಂದದ್ದು ನೀವೇ ಅಲ್ವಾ? ಓಡದವರಿಗೆ ಓಟದ ಸೀಟು ಎಂತಕ್ಕೆ?" ಪ್ರಾಂಶುಪಾಲರಿಗೆ ದೂರು ಬರೆದಳು. ಅವರು ಫೋನ್ ಮಾಡಿ ಮೃದುವಾಗಿಯೇ ಕೇಳಿದರು: ಗುಟ್ಟಾಗಿಡಬೇಕಾದ ಹೆಸರುಗಳನ್ನು ಹೊರಗೆ ಕೊಟ್ಟವರು ಯಾರು? ಆ ವಿಷಯ ನಿಮ್ಮ ಆಸ್ಪತ್ರೆಯ ನೈತಿಕ ಸಮಿತಿಗೂ ಹೋಗಬೇಕೇ? ಶಾಝಿಯಾ ಮರುದಿನ ದೂರನ್ನು ಹಿಂದಕ್ಕೆ ಪಡೆದಳು.

ತಾನು ಅನರ್ಹಳಲ್ಲ ಎಂದು ತೋರಿಸಲು ಮೋಕ್ಷಾಗೆ ಗೊತ್ತಿದ್ದದ್ದು ಒಂದೇ ದಾರಿ. ಮುಂದಿನ ಭಾನುವಾರ ನಗರದ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಳು. ಎಂಟನೆಯ ಕಿಲೋಮೀಟರಿನವರೆಗೂ ಅವಳೇ ಮುಂದಿದ್ದಳು. ಅಲ್ಲಿ ಮೂಳೆ ಮುರಿಯಿತು. ಒಣ ತೆಂಗಿನ ಮಡಲು ಮುರಿದಂತೆ ಸದ್ದು ಕೇಳಿಸಿತು ಎಂದು ಅವಳ ಹಿಂದಿದ್ದವಳು ಆಮೇಲೆ ಹೇಳಿದಳು.

ಶಸ್ತ್ರಕ್ರಿಯೆಯಲ್ಲಿ ಮೂರು ಸ್ಕ್ರೂ ಹಾಕಿದರು. ಮೂಳೆಗೆ ರಕ್ತ ಹರಿಯದಿದ್ದರೆ ಇಡೀ ಸೊಂಟದ ಕೀಲನ್ನೇ ಬದಲಿಸಬೇಕಾದೀತು ಎಂದರು. ಶಾಝಿಯಾ ನೋಡಲು ಹೋದಳು. ಮೋಕ್ಷಾ ಮುಖ ತಿರುಗಿಸದೆ ನೇರ ಅವಳನ್ನೇ ನೋಡಿದಳು.

"ಇದನ್ನೂ ನಿಮ್ಮ ರಿಸರ್ಚ್ ಪೇಪರಲ್ಲಿ ಹಾಕ್ತೀರಾ ಮೇಡಂ?"

ಶಾಝಿಯಾ ಮಂಚದ ತುದಿಗೆ ಸಿಕ್ಕಿಸಿದ್ದ ಕೇಸ್ ಶೀಟನ್ನು ಎತ್ತಿಕೊಂಡಳು.

"ಹಾಕಿ. ಹೆಸರೂ ಹಾಕಿ. ಇನ್ನು ಮುಚ್ಚಲಿಕ್ಕೆ ಎಂತ ಉಂಟು?"

ಆರು ತಿಂಗಳ ಮೇಲೆ ಅಧ್ಯಯನದ ಎರಡನೆಯ ಸುತ್ತು. ಉಳಿದ ಹದಿನಾರು ಹುಡುಗಿಯರು ಸಾಲಾಗಿ ಬಂದು ಕೂತರು. ಎಲ್ಲರಿಗೂ ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಮುಟ್ಟು. ಎಲ್ಲರಿಗೂ ಮೂರು ಹೊತ್ತು ಊಟ. ಒಬ್ಬಳಿಗೂ ನೋವಿಲ್ಲ. ರಕ್ತಪರೀಕ್ಷೆಗೆ ಒಬ್ಬಳೂ ಒಪ್ಪಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮುಖೇಶ್, "ನೋಡಿ ಮೇಡಂ, ನಿಮ್ಮಿಂದ ಎಷ್ಟು ಸುಧಾರಣೆ ಆಯ್ತು," ಎಂದ.

ಕೊನೆಯವಳು ರುಮೈಸಾ, ಹದಿನೆಂಟರವಳು. ಹಾಳೆ ತುಂಬಿಸುವಾಗ ಅವಳು ಎಡತೊಡೆಯನ್ನು ಮೆಲ್ಲಗೆ ಒತ್ತಿಕೊಳ್ಳುತ್ತಿದ್ದುದನ್ನು ಶಾಝಿಯಾ ಕಂಡಳು.

"ಎಡಗಾಲೊಂದರ ಮೇಲೆ ಹಾರಿ ತೋರಿಸ್ತೀಯಾ?" ಮೂಳೆಯಲ್ಲಿ ಬಿರುಕಿದ್ದವರು ಹಾಗೆ ಹಾರಿದರೆ ನೋವು ತಡೆಯಲಾಗದು.

ರುಮೈಸಾ ಒಮ್ಮೆ ಬಾಗಿಲ ಕಡೆ ನೋಡಿದಳು. ಎದ್ದು ಹಾರಿದಳು. ಎರಡನೆಯ ಸಲ, ಮೂರನೆಯ ಸಲ. ಅವಳ ಹಣೆಯಲ್ಲಿ ಬೆವರು ಮೂಡಿತು, ಕಣ್ಣಿಂದ ನೀರು ಇಳಿಯಿತು, ತುಟಿ ಮಾತ್ರ ನಗುತ್ತಲೇ ಇತ್ತು.

"ಸಾಕು, ನಿಲ್ಲು," ಎಂದಳು ಶಾಝಿಯಾ.

"ನೋವೇ ಇಲ್ಲ ಮೇಡಂ," ಎಂದಳು ರುಮೈಸಾ, ಮತ್ತೆ ಹಾರುತ್ತ. "ಇನ್ನೂ ಹತ್ತು ಸಲ ಹಾರ್ತೇನೆ. ಇಲ್ಲ ಅಂತ ಬರೀರಿ."